ಮನೆಯಿಂದ ದೂರದ ಮನೋವೈದ್ಯಕೀಯ ವಾರ್ಡ್: ಸೇರುವ ಮುಂಚೆ, ಒಳಗಿರುವಾಗ, ವಾಪಸ್ ಬರುವಾಗ

ಹಸಿರೆಲೆ

ಮಾನಸಿಕ ಕಾಯಿಲೆಗೆ ದೂರದ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವವರ ಪ್ರಶ್ನೆಗಳು ಇಲ್ಲಿ ಬಿಡಿಬಿಡಿಯಾಗಿ ಬರುತ್ತಲೇ ಇರುತ್ತವೆ. ಉತ್ತರಗಳೆಲ್ಲ ಒಂದೇ ಕಡೆ ಸಿಗಲಿ ಎಂದು ಈ ಎಳೆ ಶುರು ಮಾಡಿದ್ದೇನೆ.

ದೂರ ಹೋಗಬೇಕಾಗಿ ಬರುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಹತ್ತಿರದಲ್ಲಿ ಹಾಸಿಗೆ ಖಾಲಿ ಇರುವುದಿಲ್ಲ. ಇಲ್ಲವೇ ಬೇಕಾದ ವಿಶೇಷ ಘಟಕ ದೂರದಲ್ಲಷ್ಟೇ ಇರುತ್ತದೆ: ಈಟಿಂಗ್ ಡಿಸಾರ್ಡರ್ (ಊಟ, ತೂಕದ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ) ಘಟಕ, ತಾಯಿ-ಮಗು ಒಟ್ಟಿಗೆ ಇರಬಹುದಾದ ಘಟಕ, ಹದಿಹರೆಯದವರ ವಾರ್ಡ್ ಇಂಥವು. ಅಥವಾ ಕೆಲಸಕ್ಕೋ ಓದಿಗೋ ಹೋದ ಜಾಗದಲ್ಲೇ ಕಾಯಿಲೆ ಜೋರಾಗುತ್ತದೆ. ತಿಳಿದವರು ದಯವಿಟ್ಟು ಬರೆಯಿರಿ. ಸ್ವಂತ ಅನುಭವದ ಕಥನಕ್ಕೆ ಬೇರೆ ಎಳೆ ಇದೆ. ಇಲ್ಲಿ ಏನು, ಎಷ್ಟು, ಯಾವಾಗ, ಯಾಕೆ ಎಂಬುದಿರಲಿ.

ಓದುತ್ತಿರುವವರಲ್ಲಿ ಯಾರಿಗಾದರೂ ಈ ಕ್ಷಣವೇ ಜೀವಕ್ಕೆ ಅಪಾಯವಿದೆ ಅನಿಸಿದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ. ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅದು ನಿಮ್ಮ ಊರೋ ಪರಊರೋ ಎಂದು ಲೆಕ್ಕ ಹಾಕುವ ಹೊತ್ತಲ್ಲ ಅದು.

ಕೈಚೀಲ

ಸಮಾಜಕಾರ್ಯದ ಕಡೆಯಿಂದ ಮೊದಲು ಹೇಳಬೇಕಾದ್ದು ಇದು: ದೂರದ ಅಡ್ಮಿಷನ್ನಿನಲ್ಲಿ ಎಡವಟ್ಟಾಗುವುದು ವಾರ್ಡಿನ ಒಳಗಿಗಿಂತ ಹೆಚ್ಚಾಗಿ ವಾರ್ಡಿಗೂ ಮನೆಗೂ ನಡುವೆ. ಹತ್ತಿರದ ಆಸ್ಪತ್ರೆಯಾದರೆ ಒಳಗೆ ನೋಡಿದ ಡಾಕ್ಟರೇ ಆಮೇಲೆ ಹೊರರೋಗಿಯಾಗಿಯೂ ನೋಡುತ್ತಾರೆ, ಫೈಲು ಅಲ್ಲೇ ಇರುತ್ತದೆ, ಮಾತ್ರೆ ಒಗ್ಗದಿದ್ದರೆ ಮರುದಿನ ಹೋಗಿ ಕೇಳಬಹುದು. ದೂರ ಹೋದಾಗ ಈ ಮೂರೂ ಒಟ್ಟಿಗೆ ತಪ್ಪಿಹೋಗುತ್ತವೆ.

ಹಾಗಾಗಿ ಸೇರಿದ ಮೊದಲ ವಾರದಲ್ಲೇ ಕೇಳಿ: "ಡಿಸ್ಚಾರ್ಜ್ ಆದ ಮೇಲೆ ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ? ಅವರಿಗೆ ಈಗಲೇ ತಿಳಿಸಿದ್ದೀರಾ?" ಉತ್ತರದಲ್ಲಿ ಒಬ್ಬರ ಹೆಸರು, ಒಂದು ಫೋನ್ ನಂಬರ್ ಇರಬೇಕು. "ಅಲ್ಲಿನ ಆಸ್ಪತ್ರೆಗೆ ಬರೆದುಕೊಡುತ್ತೇವೆ" ಅನ್ನುವುದು ಉತ್ತರವಾಗುವುದಿಲ್ಲ. ಬರೆದುಕೊಟ್ಟ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಹೊರಡುವ ಮುಂಚೆ ಒಂದೇ ಹಾಳೆಯ ಸಾರಾಂಶ ಮಾಡಿಕೊಳ್ಳಿ. ದಪ್ಪ ಫೈಲನ್ನು ರಾತ್ರಿ ಎರಡು ಗಂಟೆಗೆ ಅಡ್ಮಿಟ್ ಮಾಡಿಕೊಳ್ಳುವ ಡಾಕ್ಟರು ಪೂರ್ತಿ ಓದಲಾರರು, ಒಂದು ಹಾಳೆ ಓದುತ್ತಾರೆ. ಅದರಲ್ಲಿ ಇರಬೇಕಾದ್ದು: ಈಗಿನ ಮಾತ್ರೆಗಳು (ಬ್ರ್ಯಾಂಡ್ ಹೆಸರಲ್ಲ, ಮದ್ದಿನ ಮೂಲ ಹೆಸರು, ಮಿ.ಗ್ರಾಂ, ಹೊತ್ತು), ಹಿಂದೆ ಕೊಟ್ಟು ನಿಲ್ಲಿಸಿದ ಮದ್ದುಗಳು, ನಿಲ್ಲಿಸಿದ್ದು ಯಾಕೆ, ಅಲರ್ಜಿ, ದೇಹದ ಬೇರೆ ಕಾಯಿಲೆಗಳು, ಹಿಂದಿನ ಅಡ್ಮಿಷನ್‌ಗಳ ವರ್ಷ, ಕಾಯಿಲೆ ಮರುಕಳಿಸುವಾಗ ಮೊದಲು ಕಾಣುವ ಲಕ್ಷಣಗಳು, ಊರಿನ ಡಾಕ್ಟರ ನಂಬರ್, ಮನೆಯವರಲ್ಲಿ ಇಬ್ಬರ ನಂಬರ್. "ನಿಲ್ಲಿಸಿದ್ದು ಯಾಕೆ" ಎಂಬ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಒಮ್ಮೆ ಕುತ್ತಿಗೆ ಸೆಟೆದುಕೊಂಡದ್ದಕ್ಕೆ ನಿಲ್ಲಿಸಿದ ಇಂಜೆಕ್ಷನ್ನನ್ನೇ ಹೊಸ ಜಾಗದಲ್ಲಿ ಮೊದಲ ರಾತ್ರಿ ಮತ್ತೆ ಕೊಡುವ ಸಾಧ್ಯತೆ ಇರುತ್ತದೆ.

ಈ ಹಾಳೆಯ ಮೂರು ಪ್ರತಿ ಇರಲಿ: ರೋಗಿಯ ಹತ್ತಿರ ಒಂದು, ಜೊತೆಗೆ ಹೋಗುವವರ ಹತ್ತಿರ ಒಂದು, ಮನೆಯಲ್ಲಿ ಒಂದು. ಫೋನಿನಲ್ಲಿ ಫೋಟೋ ಇದ್ದರೆ ಸಾಲದು. ವಾರ್ಡಿಗೆ ಸೇರುವಾಗ ಮೊದಲು ಕೈ ತಪ್ಪುವ ವಸ್ತು ಫೋನೇ.

ಗುಳಿಗೆಡಬ್ಬಿ

ಕೈಚೀಲ ಅವರ ಮಾತಿಗೆ ಔಷಧದ ಕಡೆಯಿಂದ ಸೇರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ದೂರ ಪ್ರಯಾಣದಲ್ಲಿ ಹೆಚ್ಚು ಹಾನಿ ಮಾಡುವುದು ಮೂರು ಮದ್ದುಗಳ ವಿಷಯದ ತಪ್ಪುಗಳು.

ಲಿಥಿಯಂ (ಬೈಪೋಲಾರ್, ಅಂದರೆ ಅತಿಯಾದ ಹುರುಪಿನ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆಗೆ ಕೊಡುವ ಮದ್ದು). ರಕ್ತದಲ್ಲಿ ಇದರ ಮಟ್ಟ ನೋಡಲು ಕೊನೆಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ ಮಟ್ಟ ಸುಳ್ಳಾಗಿ ಹೆಚ್ಚು ಕಾಣುತ್ತದೆ, ಹೊಸ ಡಾಕ್ಟರು ಅದನ್ನು ನಂಬಿ ಡೋಸ್ ಇಳಿಸುತ್ತಾರೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್, 1.5 ದಾಟಿದರೆ ವಿಷವಾಗುವ ಅಪಾಯ. ಪ್ರಯಾಣದಲ್ಲಿ ನೀರು ಕಡಿಮೆ ಕುಡಿಯುವುದು, ಬಿಸಿಲು, ಭೇದಿ, ವಾಂತಿ ಎಲ್ಲವೂ ಮಟ್ಟವನ್ನು ಏರಿಸುತ್ತವೆ. ಮೈಕೈ ನೋವಿಗೆಂದು ದಾರಿಯಲ್ಲಿ ಕೊಂಡ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಕೈ ಜೋರಾಗಿ ನಡುಗುವುದು, ನಡಿಗೆ ಓಲಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಡೋಸ್ ಕೊಡದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು. ಇನ್ನೊಂದು: ಕಂಪನಿ ಬದಲಾದರೆ, ಅದರಲ್ಲೂ ನಿಧಾನವಾಗಿ ಕರಗುವ ಮಾತ್ರೆಯಿಂದ ಸಾಧಾರಣ ಮಾತ್ರೆಗೋ ದ್ರವಕ್ಕೋ ಬದಲಾದರೆ, ಸುಮಾರು ಒಂದು ವಾರದಲ್ಲಿ ಮತ್ತೆ ಮಟ್ಟ ನೋಡಿಸಬೇಕು.

ಕ್ಲೋಜಪೈನ್ (ಬೇರೆ ಮದ್ದಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮದ್ದು). ಕೊನೆಯ ಡೋಸ್ ತೆಗೆದುಕೊಂಡು 48 ಗಂಟೆ ದಾಟಿದರೆ ಹಳೆಯ ಡೋಸಿಗೆ ನೇರವಾಗಿ ಮರಳುವಂತಿಲ್ಲ. ಮತ್ತೆ 12.5 ಮಿ.ಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿಯಬಹುದು, ಫಿಟ್ಸ್ ಬರಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು. ಎರಡು ದಿನದ ರೈಲು ಪ್ರಯಾಣ, ಕಳೆದುಹೋದ ಬ್ಯಾಗು, ಸೇರಿದ ದಿನ ವಾರ್ಡಿನಲ್ಲಿ ಮದ್ದಿನ ದಾಸ್ತಾನು ಇಲ್ಲದಿರುವುದು, ಇಷ್ಟಾದರೆ 48 ಗಂಟೆ ಮುಗಿದೇಹೋಯಿತು. ಹಾಗಾಗಿ ಕೊನೆಯ ಡೋಸ್ ತೆಗೆದುಕೊಂಡ ದಿನ, ಗಂಟೆ ಎರಡನ್ನೂ ಬರೆದಿಟ್ಟುಕೊಳ್ಳಿ. ಬಿಳಿ ರಕ್ತಕಣಗಳ ಎಣಿಕೆಯ ಕೊನೆಯ ವರದಿಯೂ ಕೈಯಲ್ಲಿರಲಿ. ಹಲವು ದೇಶಗಳಲ್ಲಿ ಆ ವರದಿ ತೋರಿಸದೆ ಮದ್ದನ್ನು ಕೊಡುವುದೇ ಇಲ್ಲ.

ತಿಂಗಳಿಗೊಮ್ಮೆಯ ದೀರ್ಘಪರಿಣಾಮದ ಇಂಜೆಕ್ಷನ್. ಡಿಸ್ಚಾರ್ಜ್ ಕಾಗದದಲ್ಲಿ "ಇಂಜೆಕ್ಷನ್ ಮುಂದುವರಿಸಿ" ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮದ್ದಿನ ಪೂರ್ತಿ ಹೆಸರು, ಮಿ.ಗ್ರಾಂ, ಕೊಟ್ಟ ದಿನಾಂಕ, ತೋಳಿಗೋ ಪೃಷ್ಠಕ್ಕೋ, ಎಡವೋ ಬಲವೋ, ಮುಂದಿನ ದಿನಾಂಕ ಎಲ್ಲ ಬೇಕು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಪಾಲಿಪೆರಿಡೋನ್ ಮಾಸಿಕ ಇಂಜೆಕ್ಷನ್ನಿನ ಶುರುವಿನ ಕ್ರಮ ನೋಡಿ: ಮೊದಲ ದಿನ 150 ಮಿ.ಗ್ರಾಂ, ಎಂಟನೇ ದಿನ 100 ಮಿ.ಗ್ರಾಂ, ಎರಡೂ ತೋಳಿಗೆ. ಎಂಟನೇ ದಿನದ್ದು ನಾಲ್ಕು ದಿನ ಆಚೀಚೆ ಆಗಬಹುದು. ಮೊದಲನೆಯದನ್ನು ವಾರ್ಡಿನಲ್ಲಿ ಕೊಟ್ಟು ಐದನೇ ದಿನ ಊರಿಗೆ ಕಳಿಸಿದರೆ ಎರಡನೆಯದನ್ನು ಯಾರು ಕೊಡುತ್ತಾರೆ, ಊರಿನ ಔಷಧಾಲಯದಲ್ಲಿ ಅದು ಸಿಗುತ್ತದೆಯೇ ಎಂಬುದು ಹೊರಡುವ ಮುಂಚೆ ತೀರ್ಮಾನವಾಗಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಎರಡನೇ ಇಂಜೆಕ್ಷನ್ ಮುಗಿಸಿಯೇ ಕಳಿಸಿ ಎಂದು ವಾರ್ಡಿನವರನ್ನು ಗಟ್ಟಿಯಾಗಿ ಕೇಳಿ.

ಅರಳಿಕಟ್ಟೆ

ಗುಳಿಗೆಡಬ್ಬಿ ಅವರೇ, ಕ್ಲೋಜಪೈನ್ ತೆಗೆದುಕೊಳ್ಳುವವರು ಸಿಗರೇಟು ಸೇದುತ್ತಿದ್ದರೆ ವಾರ್ಡಿನಲ್ಲಿ ತೊಂದರೆ ಎಂದು ಎಲ್ಲೋ ಓದಿದ್ದೆ. ನಿಕೋಟಿನ್ ಪ್ಯಾಚ್ ಹಚ್ಚಿದರೆ ಸರಿಹೋಗುವುದಿಲ್ಲವೇ?

ಗುಳಿಗೆಡಬ್ಬಿ

ಇಲ್ಲ. ಇದನ್ನು ವಾರ್ಡಿನವರೂ ಕೆಲವೊಮ್ಮೆ ಮರೆಯುತ್ತಾರೆ. ಕ್ಲೋಜಪೈನನ್ನು ಒಡೆಯುವ ಲಿವರಿನ ಕಿಣ್ವವನ್ನು ಚುರುಕು ಮಾಡುವುದು ನಿಕೋಟಿನ್ ಅಲ್ಲ, ತಂಬಾಕಿನ ಹೊಗೆಯಲ್ಲಿರುವ ಬೇರೆ ರಾಸಾಯನಿಕಗಳು. ಸೇದುವವರಿಗೆ ಮದ್ದು ಬೇಗ ಒಡೆಯುವುದರಿಂದ ಡೋಸ್ ಹೆಚ್ಚು ಬೇಕಾಗಿರುತ್ತದೆ. ಹೊಗೆ ನಿಷೇಧವಿರುವ ವಾರ್ಡಿಗೆ ಸೇರಿದ ಕೂಡಲೇ ಆ ಕಿಣ್ವ ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ, ಅದೇ ಡೋಸಿಗೆ ರಕ್ತದ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಇನ್ನೂ ಮೇಲಕ್ಕೆ ಹೋಗುತ್ತದೆ. ವಿಪರೀತ ನಿದ್ದೆ, ಜೊಲ್ಲು, ಮಲಬದ್ಧತೆ, ಫಿಟ್ಸ್ ಕಾಣಿಸಬಹುದು. ಪ್ಯಾಚ್ ಸೇದುವ ಚಡಪಡಿಕೆಗೆ ಒಳ್ಳೆಯದು, ಹಚ್ಚಲಿ. ಆದರೆ ಕಿಣ್ವದ ಲೆಕ್ಕಕ್ಕೆ ಅದು ಬರುವುದಿಲ್ಲ.

ಊರಿಗೆ ಬಂದು ಮತ್ತೆ ಸೇದಲು ಶುರು ಮಾಡಿದರೆ ಇದೇ ಆಟ ತಿರುಗುಮುರುಗು: ವಾರ್ಡಿನಲ್ಲಿ ಹೊಂದಿಸಿದ ಡೋಸ್ ಸಾಲದಾಗುತ್ತದೆ, ಕಾಯಿಲೆ ಮರುಕಳಿಸುತ್ತದೆ, "ಆಸ್ಪತ್ರೆಗೆ ಹೋಗಿದ್ದೂ ದಂಡ" ಎಂದು ಮನೆಯವರು ನೋಯುತ್ತಾರೆ. ಸೇರುವಾಗ ದಿನಕ್ಕೆ ಎಷ್ಟು ಸಿಗರೇಟು ಎಂದು ನಿಜ ಹೇಳಿ. ಒಲಾಂಜಪೈನ್ ಎಂಬ ಇದೇ ಗುಂಪಿನ ಮದ್ದಿಗೂ ಇದು ಅನ್ವಯಿಸುತ್ತದೆ.

ಮಲಬದ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲೋಜಪೈನಿನಲ್ಲಿ ಕರುಳು ಪೂರ್ತಿ ನಿಂತುಹೋಗಿ ಪ್ರಾಣಾಪಾಯವಾಗುವುದುಂಟು. ದೂರ ಪ್ರಯಾಣದಲ್ಲಿ ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ಕೂರುವವರಿಗೆ ಅಪಾಯ ಇನ್ನೂ ಹೆಚ್ಚು.

ರಾತ್ರಿಪಾಳಿ

ವಾರ್ಡಿಗೆ ಏನು ತರಬೇಕು ಅಂತ ಕೇಳೋರು ಬಹಳ. ಏನು ತರಬಾರದು ಅನ್ನೋದು ಮೊದಲು ಗೊತ್ತಿರಲಿ, ಯಾಕಂದ್ರೆ ದೂರದಿಂದ ಬಂದವರ ಸಾಮಾನನ್ನ ವಾಪಸ್ ಮನೆಗೆ ಕಳಿಸೋಕೆ ಆಗಲ್ಲ, ತಿಂಗಳುಗಟ್ಟಲೆ ಸ್ಟೋರಿನಲ್ಲಿ ಬೀಳುತ್ತೆ. ಬೆಲ್ಟು, ಶೂ ಲೇಸು, ದಾರ ಇರೋ ಪ್ಯಾಂಟು-ಟೋಪಿ ಅಂಗಿ, ದುಪಟ್ಟಾ, ಉದ್ದ ಚಾರ್ಜರ್ ವೈರು, ಪ್ಲಾಸ್ಟಿಕ್ ಕವರು, ಗಾಜಿನ ಬಾಟಲಿ, ಬ್ಲೇಡು, ಸ್ಪ್ರೇ ಡಬ್ಬಿ, ಲೈಟರು ಇವನ್ನೆಲ್ಲ ಬಾಗಿಲಲ್ಲೇ ತೆಗೆದಿಡ್ತಾರೆ. ಅದು ಅನುಮಾನದಿಂದ ಮಾಡೋದಲ್ಲ. ಆ ವಾರ್ಡಿನಲ್ಲಿರೋ ಯಾರಿಗೂ ಅದು ಸಿಗಬಾರದು ಅಂತ ಮಾಡೋದು.

ತರಬೇಕಾದ್ದು: ದಾರದ ಬದಲು ಎಲಾಸ್ಟಿಕ್ ಇರೋ ಬಟ್ಟೆ ನಾಲ್ಕೈದು ಜೊತೆ, ಲೇಸಿಲ್ಲದ ಚಪ್ಪಲಿ, ಕನ್ನಡಕ, ಶ್ರವಣಯಂತ್ರ ಇದ್ರೆ ಅದರ ಬ್ಯಾಟರಿ, ಒಂದು ವಾರಕ್ಕಾಗೋ ಮಾತ್ರೆ ಮೂಲ ಪೊಟ್ಟಣದಲ್ಲೇ. ಮಾತ್ರೆ ಡಬ್ಬಿಗೆ ಸುರಿದು ತಂದ್ರೆ ಯಾವುದು ಯಾವುದು ಅಂತ ಖಚಿತ ಮಾಡೋಕಾಗಲ್ಲ, ಹಾಗಾಗಿ ಕೊಡೋದೂ ಇಲ್ಲ. ಫೋನ್ ನಂಬರುಗಳು ಕಾಗದದ ಮೇಲೆ ಬರೆದಿರಲಿ. ಫೋನು ತೆಗೆದಿಟ್ಟಾಗ ಮನೆಯವರ ನಂಬರು ಬಾಯಿಗೆ ಬರದೆ ಒದ್ದಾಡೋರು ತುಂಬಾ ಜನ.

ಮೊದಲ ಎರಡು ಮೂರು ದಿನ ಹೇಗಿರುತ್ತೆ ಅಂತ ಮುಂಚೆನೇ ಹೇಳಿಟ್ಟರೆ ಭಯ ಕಡಿಮೆ. ಬ್ಯಾಗು ಶೋಧಿಸ್ತಾರೆ, ಮೈ ಮೇಲೆ ಗಾಯ ಇದೆಯಾ ನೋಡ್ತಾರೆ, ರಕ್ತ, ಇ.ಸಿ.ಜಿ., ತೂಕ, ಬಿ.ಪಿ. ಆಗುತ್ತೆ. ಅಪಾಯ ಎಷ್ಟಿದೆ ಅನ್ನೋದರ ಮೇಲೆ ನಿಗಾ ನಿರ್ಧಾರ ಆಗುತ್ತೆ: ಗಂಟೆಗೊಮ್ಮೆ, 15 ನಿಮಿಷಕ್ಕೊಮ್ಮೆ, ಅಥವಾ ಒಬ್ಬ ಸಿಬ್ಬಂದಿ ಸದಾ ಪಕ್ಕದಲ್ಲೇ. ರಾತ್ರಿ ಬಾಗಿಲು ತೆಗೆದು ಟಾರ್ಚ್ ಹಾಕಿ ಉಸಿರಾಡ್ತಿದ್ದಾರಾ ನೋಡೋದು ಈ ನಿಗಾದ ಭಾಗ. ನಿದ್ದೆಗೆ ತೊಂದರೆ ಆಗುತ್ತೆ, ನಿಜ. ಮೊದಲೇ ಗೊತ್ತಿಲ್ಲದವರು ಕಿರುಚಿಕೊಂಡು ಏಳ್ತಾರೆ, ಅದಕ್ಕೇ ಹೇಳ್ತಿರೋದು.

ದೂರದಿಂದ ಬಂದವರಿಗೆ ಒಂದು ವಿಶೇಷ ಕಷ್ಟ ಇದೆ. ಹತ್ತಿರದವರಿಗೆ "ಸಂಜೆ ಎರಡು ಗಂಟೆ ಹೊತ್ತು ಮನೆಗೆ ಹೋಗಿ ಬನ್ನಿ, ಆಮೇಲೆ ಒಂದು ರಾತ್ರಿ ಇದ್ದು ಬನ್ನಿ" ಅಂತ ಮೆಲ್ಲಮೆಲ್ಲಗೆ ಅಭ್ಯಾಸ ಮಾಡಿಸಬಹುದು. ದೂರದವರಿಗೆ ಆ ಮೆಟ್ಟಿಲುಗಳೇ ಇಲ್ಲ. ವಾರ್ಡು, ಆಮೇಲೆ ಒಮ್ಮೆಲೇ ಮನೆ. ಮನೆಯವರು ಬಂದು ಆಸ್ಪತ್ರೆ ಹತ್ತಿರ ಮೂರ್ನಾಲ್ಕು ದಿನ ಕೋಣೆ ಮಾಡಿ ಉಳಿಯೋಕಾದ್ರೆ, ಅದನ್ನ ಡಿಸ್ಚಾರ್ಜಿನ ಹಿಂದಿನ ವಾರಕ್ಕೆ ಇಟ್ಟುಕೊಳ್ಳಿ, ಅಡ್ಮಿಟ್ ಆದ ವಾರಕ್ಕಲ್ಲ. ಹಗಲು ಹೊರಗೆ ಜೊತೆಗಿದ್ದು ರಾತ್ರಿ ವಾರ್ಡಿಗೆ ಮರಳೋದು, ಕೊನೆಗೆ ಒಂದು ರಾತ್ರಿ ಆ ಕೋಣೆಲೇ ಮಲಗೋದು. ಮಾತ್ರೆ ಸ್ವಂತ ತೆಗೆದುಕೊಳ್ಳೋದು, ಸಂಜೆಯ ಖಾಲಿತನ, ರಾತ್ರಿಯ ನಿದ್ದೆ ಎಲ್ಲ ಅಲ್ಲೇ ಪರೀಕ್ಷೆ ಆಗುತ್ತೆ, ಕೆಟ್ಟರೆ ವಾರ್ಡು ಹತ್ತಿರವೇ ಇರುತ್ತೆ.

ಜೊತೆಗಾರ

ರಾತ್ರಿಪಾಳಿ ಅವರೇ, ಕೊನೆಯ ಮಾತು ಬಹಳ ಉಪಯೋಗದ್ದು. ಆದರೆ ಮೊದಲ ವಾರವೂ ಯಾರಾದರೂ ಹೋಗಲೇಬೇಕಲ್ಲವೇ? ಹಿಂದಿನ ವಿವರವನ್ನು ಡಾಕ್ಟರಿಗೆ ಹೇಳುವವರು ಯಾರು? ರೋಗಿಗೆ ಅದನ್ನು ಹೇಳುವ ಸ್ಥಿತಿ ಇರುವುದಿಲ್ಲ.

ರಾತ್ರಿಪಾಳಿ

ಮೊದಲ ದಿನ ಒಬ್ಬರು ಬೇಕೇ ಬೇಕು, ಸರಿ. ನಾನು ಹೇಳಿದ್ದು ಇರೋ ರಜೆಯನ್ನೆಲ್ಲ ಮೊದಲ ವಾರದಲ್ಲೇ ಖರ್ಚು ಮಾಡಬೇಡಿ ಅಂತ. ವಿವರ ಹೇಳೋದು ಫೋನಿನಲ್ಲೂ ಆಗುತ್ತೆ.

ಮೂರನೇ ಮಹಡಿ

ಮನೆಯವರು ಮತ್ತು ಮಾಹಿತಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಾಣುತ್ತದೆ. ರೋಗಿ ಒಪ್ಪದಿದ್ದರೆ ಚಿಕಿತ್ಸೆಯ ವಿವರವನ್ನು ಸಿಬ್ಬಂದಿ ಸಾಮಾನ್ಯವಾಗಿ ಮನೆಯವರಿಗೆ ಹೇಳುವಂತಿಲ್ಲ. ಆದರೆ ಮನೆಯವರು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. "ನೀವು ಏನೂ ಹೇಳಬೇಡಿ, ನಾನು ಹೇಳುವುದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ" ಎಂದು ಕೇಳಿ. ನಿದ್ದೆ ಕೆಟ್ಟದ್ದು ಯಾವಾಗಿನಿಂದ, ಹಿಂದೆ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದುಂಟೇ, ಹೇಗೆ, ಮನೆಯಲ್ಲಿ ಈಗ ಏನೇನು ಕೈಗೆ ಸಿಗುವಂತಿದೆ, ಇವಿಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದು. ಒಪ್ಪಿಗೆಯನ್ನು ರೋಗಿ ಚೆನ್ನಾಗಿರುವ ದಿನಗಳಲ್ಲೇ, ಯಾರಿಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂದು ಬಿಡಿಸಿ, ಬರೆದಿಡುವುದು ಮೇಲು. "ಅಕ್ಕನಿಗೆ ಮಾತ್ರೆ, ಡಿಸ್ಚಾರ್ಜ್ ದಿನ ಹೇಳಿ, ಆಡಿದ ಮಾತು ಹೇಳಬೇಡಿ" ಎಂಬಂಥ ಒಪ್ಪಿಗೆಯೂ ಒಪ್ಪಿಗೆಯೇ.

ಡಾಕ್ಟರುಗಳ ತಂಡದ ಪೂರ್ಣ ರೌಂಡ್ಸ್ ಹಲವು ವಾರ್ಡುಗಳಲ್ಲಿ ವಾರಕ್ಕೊಮ್ಮೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಅದಕ್ಕೆ ಫೋನಿನಲ್ಲಿ ಸೇರಿಸಿಕೊಳ್ಳಿ ಎನ್ನಿ. ಊರಿನ ಡಾಕ್ಟರನ್ನೋ ನರ್ಸನ್ನೋ ಕನಿಷ್ಠ ಒಂದು ರೌಂಡ್ಸಿಗಾದರೂ ಫೋನಿನಲ್ಲಿ ಸೇರಿಸಿದರೆ ಹತ್ತು ಪತ್ರಗಳ ಕೆಲಸವಾಗುತ್ತದೆ.

ಇನ್ನು ದೂರ ಹೋಗುವುದೇ ಸರಿಯೇ ಎಂಬ ಪ್ರಶ್ನೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಒಳ್ಳೆಯದು ಎಂಬ ನಂಬಿಕೆ ಇದೆ. ಏಕಾಏಕಿ ಜೋರಾದ ಸಾಮಾನ್ಯ ಕಾಯಿಲೆಗೆ ನಾನು ಅದನ್ನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1991ರಲ್ಲಿ ಅಂಗೀಕರಿಸಿದ ಮಾನಸಿಕ ಕಾಯಿಲೆಯವರ ರಕ್ಷಣೆಯ ತತ್ವಗಳಲ್ಲಿ ಏಳನೆಯದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗುವುದಾದರೆ ಸಾಧ್ಯವಿದ್ದಷ್ಟೂ ರೋಗಿಯ ಮನೆಯ ಅಥವಾ ಬಂಧುಮಿತ್ರರ ಮನೆಯ ಹತ್ತಿರವೇ ಆಗಬೇಕು, ಆದಷ್ಟು ಬೇಗ ತನ್ನವರ ನಡುವೆ ಮರಳುವ ಹಕ್ಕು ಇರಬೇಕು ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಹಾಸಿಗೆ ಇಲ್ಲದ ಕಾರಣಕ್ಕೆ ದೂರ ಕಳಿಸುವುದನ್ನು 2020-21ರ ಹೊತ್ತಿಗೆ ಕೊನೆಗಾಣಿಸುವ ಗುರಿಯನ್ನು ಸರ್ಕಾರವೇ 2016ರಲ್ಲಿ ಇಟ್ಟುಕೊಂಡಿತ್ತು. ಗುರಿ ಮುಟ್ಟಲಿಲ್ಲ, ಆದರೆ ದೂರವೇ ಒಂದು ಹಾನಿ ಎಂದು ಒಪ್ಪಿಕೊಂಡದ್ದು ದೊಡ್ಡದು. ವಿಶೇಷ ಘಟಕದ ಮಾತು ಬೇರೆ. ಅಲ್ಲಿ ಸಿಗುವುದು ಹತ್ತಿರದಲ್ಲಿ ಸಿಗುವುದಿಲ್ಲವಾದರೆ ಹೋಗಲೇಬೇಕು, ಆದರೆ ಹೋಗುವ ಮುಂಚೆಯೇ ಮರಳಿ ಬರುವ ದಾರಿ ಗೊತ್ತುಮಾಡಿಕೊಂಡು.

ಹಾಸಿಗೆ ಇಲ್ಲದೆ ದೂರ ಹೋದವರು ವಾರಕ್ಕೊಮ್ಮೆ "ಹತ್ತಿರಕ್ಕೆ ವರ್ಗಾವಣೆ ಪಟ್ಟಿಯಲ್ಲಿ ಹೆಸರಿದೆಯೇ" ಎಂದು ಕೇಳುತ್ತಿರಿ. ಕೇಳದವರ ಹೆಸರು ಪಟ್ಟಿಯ ತಳಕ್ಕೆ ಜಾರುತ್ತದೆ.

ಅರಳಿಕಟ್ಟೆ

ಭಾಷೆ ಬಾರದ ಊರಾದರೆ?

ಮೂರನೇ ಮಹಡಿ

ವೃತ್ತಿಪರ ದುಭಾಷಿಯನ್ನು ಕೇಳಿ. ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆ, ಅನುಮಾನಗಳನ್ನು ವಿಚಾರಿಸುವಾಗ ಮನೆಯವರೇ ಅನುವಾದಿಸಬಾರದು, ಮಕ್ಕಳಂತೂ ಬೇಡವೇ ಬೇಡ. ಮನೆಯವರು ಪ್ರೀತಿಯಿಂದಲೇ ಮಾತನ್ನು ಮೆತ್ತಗೆ ಮಾಡುತ್ತಾರೆ. "ಸಾಯೋಣ ಅನಿಸುತ್ತದೆ" ಎಂಬುದು "ತುಂಬಾ ಬೇಜಾರು" ಆಗಿಬಿಡುತ್ತದೆ. ಇನ್ನೊಂದು ಕಡೆ, "ಎದೆ ಭಾರ", "ತಲೆ ಬಿಸಿ", "ಹೊಟ್ಟೆಯಲ್ಲಿ ಸಂಕಟ" ಎಂದು ನಾವು ಮನಸ್ಸಿನ ನೋವನ್ನು ಮೈಯ ಮಾತಿನಲ್ಲಿ ಹೇಳುತ್ತೇವೆ. ಪದಕ್ಕೆ ಪದ ಇಟ್ಟರೆ ಅದು ಹೃದ್ರೋಗವಾಗಿ ಬರವಣಿಗೆಗೆ ಹೋಗುತ್ತದೆ. ದೇವರು, ಹಿರಿಯರು ಕನಸಿನಲ್ಲಿ ಮಾತಾಡಿದರು ಎಂಬುದು ನಂಬಿಕೆಯೋ ಭ್ರಮೆಯೋ ಎಂಬುದನ್ನೂ ಹೊಸ ಡಾಕ್ಟರು ಮನೆಯವರಿಂದಲೇ ತಿಳಿಯಬೇಕು: "ಇವರು ಚೆನ್ನಾಗಿದ್ದಾಗಲೂ ಹೀಗೆ ಹೇಳುತ್ತಿದ್ದರೇ?" ಎಂದು. ರೋಗಿ ತೀರಾ ಕಷ್ಟದಲ್ಲಿದ್ದಾಗ ಬಳಸುವ ಐದಾರು ಮಾತುಗಳನ್ನೂ ಅವುಗಳ ನಿಜವಾದ ಅರ್ಥವನ್ನೂ ಆ ಊರಿನ ಭಾಷೆಯಲ್ಲಿ ಬರೆದುಕೊಟ್ಟರೆ ರಾತ್ರಿಯ ನರ್ಸಿಗೆ ಎಷ್ಟೋ ಸಹಾಯ.

ಕೈಚೀಲ

ಒಪ್ಪಿಗೆಯಿಲ್ಲದೆ ದಾಖಲು ಮಾಡಿದ ಸಂದರ್ಭದ ಬಗ್ಗೆಯೂ ಹೇಳಲೇಬೇಕು. ಪ್ರತಿ ದೇಶಕ್ಕೆ, ಕೆಲವು ಕಡೆ ಪ್ರತಿ ರಾಜ್ಯಕ್ಕೂ, ಕಾನೂನು ಬೇರೆ. ಒಂದು ಕಡೆಯ ಆದೇಶ ಗಡಿ ದಾಟಿದರೆ ತಾನಾಗಿ ನಡೆಯುವುದಿಲ್ಲ. ಆದೇಶದ ಮೇಲೆ ಇರುವ ರೋಗಿಯನ್ನು ಊರಿನ ಆಸ್ಪತ್ರೆಗೆ ವರ್ಗಾಯಿಸುವಾಗ ಎರಡೂ ಕಡೆಯ ಕಾಗದ ಮೊದಲೇ ಆಗಿರದಿದ್ದರೆ, ದಾರಿಯ ಮಧ್ಯೆ ತಡೆಯುವ ಅಧಿಕಾರ ಯಾರಿಗೂ ಇರುವುದಿಲ್ಲ, ತಲುಪಿದ ಮೇಲೆ ಸೇರಿಸಿಕೊಳ್ಳುವುದೂ ಖಚಿತವಿಲ್ಲ. ಸೇರಿದ ದಿನ ಲಿಖಿತವಾಗಿ ಕೇಳಬೇಕಾದ್ದು: ಯಾವ ಕಾನೂನಿನ ಯಾವ ಕಲಮಿನಡಿ, ಎಷ್ಟು ದಿನಕ್ಕೆ, ಮೇಲ್ಮನವಿ ಯಾರಿಗೆ, ಕೊನೆಯ ದಿನಾಂಕ ಯಾವುದು. ಮೇಲ್ಮನವಿಯ ಗಡುವು ಕೆಲವು ಕಡೆ ಬಹಳ ಚಿಕ್ಕದು. ಚೆನ್ನಾಗಿದ್ದಾಗ ಬರೆದಿಟ್ಟ ಮುಂಗಡ ನಿರ್ದೇಶನ (ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಪತ್ರ) ಬೇರೆ ಕಡೆ ಕಾನೂನಾಗಿ ನಡೆಯದಿರಬಹುದು, ಆದರೂ ಪ್ರತಿ ಕೊಡಿ. ರೋಗಿಯ ಇಷ್ಟವೇನು ಎಂಬುದಕ್ಕೆ ಅದು ಸಾಕ್ಷಿ.

ಪರದೇಶವಾದರೆ ರಾಯಭಾರ ಕಚೇರಿ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ, ಬಂಧನದಲ್ಲಿರುವ ತಮ್ಮ ಪ್ರಜೆಯನ್ನು ಭೇಟಿಯಾಗುವ ಹಕ್ಕನ್ನು ಕಾನ್ಸುಲ್ ಅಧಿಕಾರಿಗಳಿಗೆ ಕೊಡುತ್ತದೆ. ಅವರು ಮನೆಗೆ ಸುದ್ದಿ ಮುಟ್ಟಿಸಬಲ್ಲರು, ವಕೀಲರ, ದುಭಾಷಿಗಳ ಪಟ್ಟಿ ಕೊಡಬಲ್ಲರು, ಪಾಸ್‌ಪೋರ್ಟ್ ಕಳೆದಿದ್ದರೆ ತುರ್ತು ಪ್ರಯಾಣಪತ್ರ ಕೊಡಬಲ್ಲರು. ಡಾಕ್ಟರ ತೀರ್ಮಾನವನ್ನು ಬದಲಿಸಲಾರರು, ಆಸ್ಪತ್ರೆಯ ಬಿಲ್ಲನ್ನು ಅವರು ಕಟ್ಟುತ್ತಾರೆಂದು ನಂಬಿ ಕೂರಬೇಡಿ. ವಿಮೆ ಇದ್ದರೆ ಮಾನಸಿಕ ಕಾಯಿಲೆ, ಹಳೆಯ ಕಾಯಿಲೆ, ವಾಪಸ್ ಕರೆತರುವ ಖರ್ಚು ಈ ಮೂರು ಕಲಮುಗಳನ್ನು ಹುಡುಕಿ ಓದಿ. ಮುಂಗಡ ಅನುಮತಿ ಬೇಕಿದ್ದರೆ ಸೇರಿದ ದಿನವೇ ವಿಮೆಯವರಿಗೆ ಫೋನ್ ಹೋಗಬೇಕು.

ಹಸಿರೆಲೆ

ಇ.ಸಿ.ಟಿ.ಗೆಂದು (ಅರಿವಳಿಕೆ ಕೊಟ್ಟು ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ) ದೂರ ಹೋಗುವವರ ಪ್ರಶ್ನೆ ಎರಡು ಬಂದಿವೆ. ಯಾರಾದರೂ ಚುಟುಕಾಗಿ ಹೇಳಬಹುದೇ?

ಮೂರನೇ ಮಹಡಿ

ವಾರಕ್ಕೆ ಎರಡು ಅಥವಾ ಮೂರು ಸಲ, ಒಟ್ಟು 6ರಿಂದ 12 ಸಲ ಸಾಮಾನ್ಯ. ಅಂದರೆ ಎರಡರಿಂದ ಆರು ವಾರ ಅಲ್ಲಿರುವ ಲೆಕ್ಕ ಹಾಕಿ. ಅರಿವಳಿಕೆ ಕೊಡುವುದರಿಂದ ಗಟ್ಟಿ ಆಹಾರ 6 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಬೇಕು. ಚಿಕಿತ್ಸೆಯ ಆಸುಪಾಸಿನ ವಾರಗಳ ನೆನಪು ಮಸುಕಾಗಬಹುದು. ದೂರದವರಿಗೆ ಇದರ ಅರ್ಥ: ಬ್ಯಾಂಕಿನ ಪಿನ್, ಪಾಸ್‌ವರ್ಡ್, ಯಾರು ಯಾವಾಗ ಬಂದಿದ್ದರು, ಯಾವ ಕಾಗದಕ್ಕೆ ಸಹಿ ಹಾಕಿದ್ದು ಎಂಬುದನ್ನು ನಂಬಿಕಸ್ಥರೊಬ್ಬರು ಬರೆದಿಡಬೇಕು. ಆ ವಾರಗಳಲ್ಲಿ ಆಸ್ತಿ, ಕೆಲಸ ಬಿಡುವುದು, ಮದುವೆ ಮುರಿಯುವುದು ಇಂಥ ತೀರ್ಮಾನ ಬೇಡ. ಮುಗಿದ ಮೇಲೆ ಮದ್ದು ಅಥವಾ ಆಗೊಮ್ಮೆ ಈಗೊಮ್ಮೆ ಇ.ಸಿ.ಟಿ. ಮುಂದುವರಿಯದಿದ್ದರೆ ಮರುಕಳಿಸುವುದು ಹೆಚ್ಚು, ಆದ್ದರಿಂದ ಊರಿನಲ್ಲಿ ಅದನ್ನು ಯಾರು ಮಾಡುತ್ತಾರೆ ಎಂಬುದು ಮೊದಲ ಇ.ಸಿ.ಟಿ.ಗೆ ಮುಂಚೆಯೇ ಕೇಳುವ ಪ್ರಶ್ನೆ.

ಕೈಚೀಲ

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಮನೋವೈದ್ಯಕೀಯ ವಾರ್ಡಿನಿಂದ ಹೊರಬಂದ ಮೊದಲ ವಾರ, ಮೊದಲ ತಿಂಗಳು ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲ. ಹಲವು ದೇಶಗಳ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಇಂಗ್ಲೆಂಡಿನಲ್ಲಿ ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ಯಾರಾದರೂ ಸಂಪರ್ಕಿಸಲೇಬೇಕು ಎಂಬ ಮಾನದಂಡ ಇರುವುದು ಇದಕ್ಕೇ. ದೂರದ ಅಡ್ಮಿಷನ್ನಿನಲ್ಲಿ ಆ ಮೂರು ದಿನಗಳಲ್ಲಿ ಒಂದೆರಡು ರಸ್ತೆಯಲ್ಲೇ ಕಳೆಯುತ್ತವೆ, ಉಳಿದದ್ದರಲ್ಲಿ ಊರಿನ ಆಸ್ಪತ್ರೆಗೆ ಇವರು ಬಂದಿರುವುದೇ ಗೊತ್ತಿರುವುದಿಲ್ಲ.

ವಾರ್ಡಿನಲ್ಲಿ ಸುರಕ್ಷತಾ ಯೋಜನೆ, ಅಂದರೆ ಸಾಯುವ ಯೋಚನೆ ಬಂದಾಗ ಏನು ಮಾಡಬೇಕು ಎಂಬ ಹಾಳೆ, ಬರೆಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹಂತದ್ದು ಬಹಳ ಕಡೆ ಬಳಕೆಯಲ್ಲಿದೆ: ಎಚ್ಚರಿಕೆಯ ಲಕ್ಷಣಗಳು, ಒಬ್ಬರೇ ಮಾಡಿಕೊಳ್ಳಬಹುದಾದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೈದ್ಯಕೀಯ ನೆರವು, ಸುತ್ತಲಿನ ಅಪಾಯದ ವಸ್ತು ದೂರವಿಡುವುದು. ದೂರದವರ ಯೋಜನೆ ಎಲ್ಲಿ ಸೋಲುತ್ತದೆ ಗೊತ್ತೇ? ಮೂರನೇ ಹಂತದಲ್ಲಿ "ವಾರ್ಡಿನ ತೋಟ" ಎಂದಿರುತ್ತದೆ, ಐದನೆಯದರಲ್ಲಿ ಆಸ್ಪತ್ರೆಯ ಊರಿನ ನಂಬರು. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಆ ಹಾಳೆ ತೆಗೆದರೆ ಕೆಲಸಕ್ಕೆ ಬರುವಂಥದ್ದು ಒಂದೂ ಇಲ್ಲ. ಹಾಗಾಗಿ ಪ್ರತಿ ಸಾಲನ್ನೂ ಮನೆಯ ಕೋಣೆ, ಮನೆಯ ಬೀದಿ, ಮನೆಯ ಊರಿನ ಲೆಕ್ಕದಲ್ಲಿ ಮತ್ತೆ ಬರೆಸಿ. ಹೊರಡುವ ಮುಂಚೆ ವಾರ್ಡಿನಲ್ಲಿ ಕೂತೇ ಆ ನಂಬರುಗಳಿಗೆ ಒಮ್ಮೆ ಫೋನ್ ಮಾಡಿ ನೋಡಿ. ಕೆಲವು ಸಹಾಯವಾಣಿ ಕಿರುಸಂಖ್ಯೆಗಳು ಬೇರೆ ಪ್ರದೇಶದಿಂದ ಹತ್ತುವುದಿಲ್ಲ. ಅಂಥವನ್ನು ಮನೆಯವರಿಂದ ಮಾಡಿಸಿ ನೋಡಿ.

ಆರನೆಯದು ರೋಗಿ ಬರುವ ಮುಂಚೆ ಮನೆಯವರು ಮಾಡಿ ಮುಗಿಸಬೇಕಾದ ಕೆಲಸ: ಹಳೆಯ ಮಾತ್ರೆಗಳನ್ನೆಲ್ಲ ಔಷಧಾಲಯಕ್ಕೆ ಹಿಂದಿರುಗಿಸುವುದು, ಕೀಟನಾಶಕವನ್ನು ಮನೆಯಿಂದಲೇ ಹೊರಗೆ ಕಳಿಸುವುದು, ಹೊಸ ಮಾತ್ರೆಯನ್ನು ವಾರದ ಲೆಕ್ಕದಲ್ಲಿ ಒಬ್ಬರು ಇಟ್ಟುಕೊಂಡು ಕೊಡುವುದು. ಇದನ್ನು ರೋಗಿಗೆ ಹೇಳಿಯೇ ಮಾಡಿ. ಮುಚ್ಚಿಟ್ಟು ಮಾಡಿದರೆ ನಂಬಿಕೆ ಹೋಗುತ್ತದೆ.

ಗುಳಿಗೆಡಬ್ಬಿ

ಇಲ್ಲೊಂದು ಇಕ್ಕಟ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಪಾಯ ಕಡಿಮೆ ಮಾಡಲು ವಾರ್ಡಿನವರು ಏಳೇ ದಿನದ ಮಾತ್ರೆ ಕೊಡುತ್ತಾರೆ. ದೂರದವರಿಗೆ ಊರಿನ ಡಾಕ್ಟರ ಭೇಟಿ ಎರಡು ವಾರಕ್ಕೆ ಸಿಕ್ಕಿರುತ್ತದೆ. ಎಂಟನೇ ದಿನ ಮದ್ದಿಲ್ಲ. ನಿದ್ದೆ-ಆತಂಕಕ್ಕೆ ಕೊಡುವ ಬೆಂಜೊಡಯಾಜಪೈನ್ ದಿನವೂ ತೆಗೆದುಕೊಳ್ಳುತ್ತಿದ್ದು ದಿಢೀರ್ ನಿಂತರೆ ಫಿಟ್ಸ್ ಬರಬಹುದು, ಲಿಥಿಯಂ ದಿಢೀರ್ ನಿಂತರೆ ಉನ್ಮಾದ ಮರುಕಳಿಸಬಹುದು. ಪರಿಹಾರ, 14 ದಿನದ್ದು ಬರೆಸಿ, ಕೊಡುವುದನ್ನು ಜೊತೆಗಾರರ ಕೈಗೆ ಕೊಡಿಸುವುದು. ಗಡಿ ದಾಟುವುದಿದ್ದರೆ ಬೆಂಜೊಡಯಾಜಪೈನ್, ಮಿಥೈಲ್ ಫೆನಿಡೇಟ್ (ಏಕಾಗ್ರತೆಯ ತೊಂದರೆಗೆ ಕೊಡುವ ಮದ್ದು) ಮುಂತಾದ ನಿಯಂತ್ರಿತ ಮದ್ದಿಗೆ ಡಾಕ್ಟರ ಸಹಿ ಇರುವ ಪತ್ರ ಬೇಕು: ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಮದ್ದಿನ ಮೂಲ ಹೆಸರು, ಡೋಸ್, ಒಟ್ಟು ಎಣಿಕೆ. ಹೋಗುವ ದೇಶದ ನಿಯಮವನ್ನು ಅವರ ರಾಯಭಾರ ಕಚೇರಿಯಲ್ಲಿ ಮುಂಚೆಯೇ ಕೇಳಿ. ಮದ್ದೆಲ್ಲ ಕೈಬ್ಯಾಗಿನಲ್ಲಿರಲಿ.

ರಾತ್ರಿಪಾಳಿ

ವಾಪಸ್ ಪ್ರಯಾಣದ ಬಗ್ಗೆ ನಾಲ್ಕು ಮಾತು. ರಾತ್ರಿ ಪ್ರಯಾಣ ಬೇಡ: ಬೈಪೋಲಾರ್ ಇರೋರಿಗೆ ಒಂದು ರಾತ್ರಿ ನಿದ್ದೆಗೆಟ್ಟರೂ ಉನ್ಮಾದ ಶುರುವಾಗಬಹುದು. ಸಮಯ ವಲಯ ದಾಟೋದಾದ್ರೆ ಎರಡು ಡೋಸಿನ ನಡುವಿನ ಅಂತರ ಹೇಗೆ ಸರಿಸೋದು ಅಂತ ಹೊರಡೋ ಮುಂಚೆ ಬರೆಸಿಕೊಳ್ಳಿ. ತಪ್ಪಿತು ಅಂತ ಎರಡು ಡೋಸ್ ಒಟ್ಟಿಗೆ ನುಂಗಬಾರದು. ವಿಮಾನದವರು ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದವರಿಗೆ ಡಾಕ್ಟರು ತುಂಬಿದ ವೈದ್ಯಕೀಯ ಫಾರಂ ಕೇಳಬಹುದು, ಟಿಕೆಟ್ ಮಾಡೋ ಮುಂಚೆ ವಿಚಾರಿಸಿ. ಈಟಿಂಗ್ ಡಿಸಾರ್ಡರ್ ಘಟಕದಿಂದ ಬರೋರಿಗೆ ಪ್ರಯಾಣದ ದಿನದ ಪ್ರತಿ ಊಟವೂ ಎಷ್ಟು ಹೊತ್ತಿಗೆ, ಎಲ್ಲಿ, ಏನು ಅಂತ ಚೀಟಿಲಿ ಇರಬೇಕು, ಜೊತೆಗೇ ಕಟ್ಟಿಕೊಂಡಿರಬೇಕು. ದಾರಿಲಿ ತಪ್ಪಿದ ಮೊದಲ ಊಟ ಎಷ್ಟೋ ಸಲ ಜಾರೋಕೆ ಶುರು.

ಜೊತೆಗಾರ

ಕೊನೆಯ ಪ್ರಶ್ನೆ. ಶುಕ್ರವಾರ ಮಧ್ಯಾಹ್ನ "ಇವತ್ತು ಡಿಸ್ಚಾರ್ಜ್, ಬಂದು ಕರೆದುಕೊಂಡು ಹೋಗಿ" ಎಂದು ಫೋನ್ ಬಂದರೆ ಏನು ಮಾಡುವುದು?

ಕೈಚೀಲ

ಮೊದಲು, ಸೋಮವಾರಕ್ಕೆ ಮುಂದೂಡಿ ಎಂದು ಕೇಳಿ, ಕಾರಣ ಸಮೇತ: ಪ್ರಯಾಣಕ್ಕೆ ಇಷ್ಟು ಗಂಟೆ, ತಲುಪುವಾಗ ವಾರಾಂತ್ಯ, ಊರಿನ ವಿಭಾಗ ಮುಚ್ಚಿರುತ್ತದೆ. ನೀವು ಹೀಗೆ ಕೇಳಿದಿರಿ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಿಸಿ. ಬರೆಯುವಾಗಲೇ ಎಷ್ಟೋ ಸಲ ತೀರ್ಮಾನ ಬದಲಾಗುತ್ತದೆ.

ಆಗಲೇ ಇಲ್ಲ ಎಂದರೆ ನಾಲ್ಕು ವಿಷಯ ಕೈಗೆ ಬರದೆ ವಾರ್ಡಿನಿಂದ ಹೊರಡಬೇಡಿ. ಸಹಿಯಾದ ಡಿಸ್ಚಾರ್ಜ್ ಸಮ್ಮರಿ, ಆಮೇಲೆ ಅಂಚೆಯಲ್ಲಿ ಬರುತ್ತದೆ ಅನ್ನುವುದಲ್ಲ. ಕನಿಷ್ಠ 14 ದಿನದ ಮಾತ್ರೆ. ಶನಿವಾರ, ಭಾನುವಾರ ರಾತ್ರಿಯೂ ಎತ್ತುವ ವಾರ್ಡಿನ ನೇರ ಫೋನ್ ನಂಬರ್, ಸ್ವಾಗತ ಕೌಂಟರಿನದಲ್ಲ. ಮತ್ತು ಸೋಮವಾರ ಬೆಳಿಗ್ಗೆ ವಾರ್ಡಿನಿಂದ ಊರಿನ ಆಸ್ಪತ್ರೆಗೆ ಫೋನ್ ಮಾಡುವವರು ಯಾರು ಎಂಬ ಹೆಸರು. ಸೋಮವಾರ ಮಧ್ಯಾಹ್ನ ನೀವೇ ಊರಿನ ಆಸ್ಪತ್ರೆಗೆ ಹೋಗಿ ಆ ಫೋನ್ ಬಂತೇ ಎಂದು ಕೇಳಿ. ಬಂದಿಲ್ಲವಾದರೆ ಸಮ್ಮರಿಯ ಪ್ರತಿಯನ್ನು ಅಲ್ಲೇ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡು, ಆ ವಾರದೊಳಗಿನ ಒಂದು ಭೇಟಿಯ ದಿನಾಂಕ ಬರೆಸಿಕೊಂಡೇ ಮನೆಗೆ ಬನ್ನಿ.